ಬೆರಳು ಮುಚ್ಚಿ, ಮೊಣಕೈ ಬಿಡಿ

ವಿದ್ಯಾರಣ್ಯಪುರ
17 ನವೆಂಬರ್ 2024

ನಿಶಾತ್ ಮೇಷ್ಟ್ರೇ,

ನಮಸ್ಕಾರ. ಮೇಡಂ ಅನ್ನಲು ನನಗೆ ಬಾಯಿ ಬರುವುದಿಲ್ಲ, ನನಗೆ ನೀವು ಮೇಷ್ಟ್ರೇ. "ಫೋನ್ ಮಾಡ್ಬೇಡಿ, ವಿಡಿಯೋ ಕಳಿಸ್ಬೇಡಿ, ಪತ್ರ ಬರೀರಿ ಡಾಕ್ಟ್ರೇ" ಎಂದು ಅಪ್ಪಣೆ ಕೊಡಿಸಿ ಕೋಟಗಿರಿಯ ಬೆಟ್ಟ ಹತ್ತಿಬಿಟ್ಟಿರಿ. ಫೋನಿನಲ್ಲಿ ಏನು ಕೇಳಿದರೂ ನಾನು "ಎಲ್ಲ ಚೆನ್ನಾಗಿದೆ" ಅನ್ನುತ್ತೇನಂತೆ. ವಿಡಿಯೋದಲ್ಲಿ ಕೈ ಕಾಣುತ್ತದೆಯೇ ಹೊರತು ಆ ಕೈಗೆ ಏನು ತಿಳಿಯಿತು ಅನ್ನುವುದು ಕಾಣುವುದಿಲ್ಲವಂತೆ. ಸರಿ, ಬರೆಯುತ್ತಿದ್ದೇನೆ. ನನ್ನ ಕೈಬರಹ ಔಷಧಿ ಅಂಗಡಿಯವರಿಗೆ ಮಾತ್ರ ಅರ್ಥವಾಗುವಂಥದ್ದು, ಅದು ನಿಮ್ಮ ಹಣೆಬರಹ.

ನನಗಿನ್ನೂ ನಗು ಬರುತ್ತದೆ. ಹಲ್ಲುನೋವು ಎಂದು ನನ್ನ ಕ್ಲಿನಿಕ್ಕಿಗೆ ಬಂದವರು ನೀವು. ದವಡೆ ಮರಗಟ್ಟಿ ತುಟಿ ಸೊಟ್ಟಗಾಗಿದ್ದರೂ ಕುದುರೆಯ ವಿಷಯ ನಿಲ್ಲಿಸಲಿಲ್ಲ. ಐವತ್ತು ದಾಟಿದ ಹೆಂಗಸನ್ನು ಜೀನಿನ ಮೇಲೆ ಕೂರಿಸಿದಿರಿ. ಈಗ ನಿಮ್ಮ ಕುದುರೆ ಜಿಲೇಬಿಯನ್ನೇ ನನಗೊಪ್ಪಿಸಿ ಹೋಗಿದ್ದೀರಿ. ರಜೆಯ ಮೇಲಿರುವ ಯಾರದೋ ಜಾಗದಲ್ಲಿ ಶಾಲೆಯ ಮಕ್ಕಳಿಗೆ ಸವಾರಿ ಕಲಿಸಿ ಮಾರ್ಚ್ ಕೊನೆಗೆ ವಾಪಸ್ಸು ಬರುತ್ತೀರಿ. ಅಲ್ಲಿಯವರೆಗೆ ಅವಳು ನನ್ನವಳು. ಅಂದರೆ, ನನ್ನ ಜವಾಬ್ದಾರಿ.

ಜಿಲೇಬಿ ಚೆನ್ನಾಗಿದ್ದಾಳೆ. ನಾನು ಯಲಹಂಕ ದಾಟಿ ಲಾಯ ತಲುಪುವ ಹೊತ್ತಿಗೆ ಸರ್ದಾರ್ ಅವಳ ಮೈ ಉಜ್ಜಿ, ಜೀನು ಬಿಗಿದು ನಿಲ್ಲಿಸಿರುತ್ತಾನೆ. ಜಾಗದ ಯಜಮಾನರು ಬ್ಯಾಟರಾಯಪ್ಪನವರು ಬೇಲಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಮೊನ್ನೆ, "ಏನ್ ಡಾಕ್ಟ್ರಮ್ಮ, ಇವತ್ತು ಕುದ್ರೆ ಓಡಿಸ್ತೀರೋ, ಅಲ್ಲು ಕೀಳ್ತೀರೋ?" ಎಂದು ಕೇಳಿದರು. ಅವರ ಬಾಯಲ್ಲಿ ಒಂದು ಹಲ್ಲು ಹುಳುಕಾಗಿರುವುದು ಬೇಲಿಯ ಆಚೆಯಿಂದಲೇ ಕಾಣುತ್ತಿತ್ತು.

ಒಂದು ವಿಷಯ ಹೇಳಿದರೆ ನೀವು ಖಂಡಿತ ಮೆಚ್ಚಿಕೊಳ್ಳುತ್ತೀರಿ. ಇಷ್ಟು ವರ್ಷ ಜನರ ಬಾಯಲ್ಲಿ ಕೈಯಿಟ್ಟು ಬದುಕಿದವಳು ನಾನು. ಬಾಯಿಗೆ ನೋವಾಗದಂತೆ ನಡೆದುಕೊಳ್ಳುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾಪ, ಅಷ್ಟು ಮೆತ್ತಗಿನ ಬಾಯಲ್ಲಿ ಕಬ್ಬಿಣದ ಕಡಿವಾಣ! ಅದಕ್ಕೇ ಲಗಾಮನ್ನು ಸಡಿಲವಾಗಿ, ಬೆರಳ ತುದಿಯಲ್ಲಿ ಹಿಡಿದೂ ಹಿಡಿಯದ ಹಾಗೆ ಇಟ್ಟುಕೊಂಡಿರುತ್ತೇನೆ. ನನ್ನ ಕೈಯಲ್ಲಿ ಲಗಾಮಿದೆ ಅನ್ನುವುದೇ ಜಿಲೇಬಿಗೆ ಗೊತ್ತಾಗುವುದಿಲ್ಲ. ಹೇಗೆ?

ತಲೆ ನರೆತ ನಿಮ್ಮ ವಿದ್ಯಾರ್ಥಿನಿ,
ರಾಧಾಮಣಿ


ಕೋಟಗಿರಿ
28 ನವೆಂಬರ್ 2024

ಡಾಕ್ಟ್ರೇ,

"ಹೇಗೆ?" ಅಂತ ಕೇಳಿದ್ದೀರಿ. ಹೇಗೂ ಇಲ್ಲ! ಓದಿ ತಲೆ ಮೇಲೆ ಕೈಯಿಟ್ಟುಕೊಂಡೆ. ನಿಮ್ಮ ಕೈಯಲ್ಲಿ ಲಗಾಮಿದೆ ಅನ್ನುವುದು ಅವಳಿಗೆ ಗೊತ್ತಾಗಲೇಬೇಕು. ಗೊತ್ತಾಗದಿದ್ದರೆ ಬೆನ್ನ ಮೇಲೆ ಅಕ್ಕಿಮೂಟೆ ಕೂತಿದ್ದರೇನು, ಡಾಕ್ಟ್ರು ಕೂತಿದ್ದರೇನು?

ನಿಮ್ಮ ದಯೆ ನನಗೆ ಅರ್ಥವಾಗುತ್ತದೆ. ಜಗ್ಗಬಾರದು ಅನ್ನುವುದು ನಿಜ. ಆದರೆ ಜಗ್ಗದೇ ಇರುವುದು ಬೇರೆ, ಬಿಟ್ಟುಬಿಡುವುದು ಬೇರೆ. ಇವೆರಡರ ನಡುವೆ ಒಂದು ಜಾಗ ಇದೆ. ನಾನು ಕಾಂಟ್ಯಾಕ್ಟ್ ಕಾಂಟ್ಯಾಕ್ಟ್ ಅಂತ ಬಾಯಿ ಬಡಿದುಕೊಳ್ಳುತ್ತಿದ್ದೆನಲ್ಲ, ಅದು ಆ ಜಾಗ.

ಬಾಯಿಮಾತಲ್ಲಿ ಆಗುವುದಿಲ್ಲ, ಒಂದು ಕೆಲಸ ಕೊಡುತ್ತೇನೆ. ಆರ್.ಟಿ. ನಗರದ ನಮ್ಮ ಮಹಡಿ ಮೇಲೆ ನಮ್ಮ ಅಮ್ಮಿ ಪಕ್ಕದ ಮನೆ ಆಂಟಿಯನ್ನು ಕರೆದು ಒಗೆದ ಸೀರೆ ಮಡಿಸುತ್ತಿದ್ದರು. ಈ ತುದಿ ಇವರು, ಆ ತುದಿ ಅವರು. ಒಬ್ಬರು ಸಡಿಲ ಬಿಟ್ಟರೆ ಸೀರೆ ನೆಲ ಗುಡಿಸುತ್ತದೆ. ಒಬ್ಬರು ಜಗ್ಗಿದರೆ ಇನ್ನೊಬ್ಬರು ಮುಗ್ಗರಿಸುತ್ತಾರೆ. ಅವರಿಬ್ಬರೂ ಬೀದಿಯ ಸುದ್ದಿಯೆಲ್ಲ ಮಾತಾಡಿಕೊಂಡೇ ಸೀರೆ ಮಡಿಸುತ್ತಿದ್ದರು, ಒಂದು ಸುಕ್ಕಿರುತ್ತಿರಲಿಲ್ಲ. ಆ ತುದಿಯ ಕೈ ಏನು ಮಾಡುತ್ತಿದೆ ಅನ್ನುವುದು ಈ ತುದಿಗೆ ಬಟ್ಟೆಯೊಳಗಿಂದಲೇ ತಿಳಿಯುತ್ತಿತ್ತು. ನೀವೂ ಯಾರ ಜೊತೆಗಾದರೂ ಒಂದು ಸೀರೆ ಮಡಿಸಿ. ಕೈಗೆ ಏನು ತಿಳಿಯಿತು, ಬರೀರಿ.

ಇಲ್ಲಿ ಮಂಜು, ಚಳಿ. ಮಕ್ಕಳು ಹೇಳಿದ ಮಾತು ಕೇಳುತ್ತಾರೆ. ನಿಮ್ಮ ಹಾಗಲ್ಲ.

ನಿಶಾತ್


ವಿದ್ಯಾರಣ್ಯಪುರ
8 ಡಿಸೆಂಬರ್ 2024

ನಿಶಾತ್ ಮೇಷ್ಟ್ರೇ,

ಬೈಗುಳ ತಲುಪಿತು. ಹೋಂವರ್ಕ್ ಮಾಡಿದೆ.

ಸೀರೆಯ ಆ ತುದಿಗೆ ನಮ್ಮೆಜಮಾನರು ನಂದಕುಮಾರ್ ಸಿಕ್ಕಿದರು. ಬಿಇಎಲ್‌ನಿಂದ ನಿವೃತ್ತರಾದ ಮೇಲೆ ಮನೆಯಲ್ಲಿ ಯಾವ ಕೆಲಸಕ್ಕೂ ಸಿಗದವರು, "ಕುದುರೆ ಕಲಿಯೋಕೆ ಸೀರೆ ಮಡಿಸ್ಬೇಕಂತೆ" ಎಂದ ಕೂಡಲೇ ಪೇಪರ್ ಬಿಸಾಕಿ ಮಹಡಿಗೆ ಬಂದರು. ಎದುರು ಮನೆಯವರೂ ಕಿಟಕಿಗೆ ಬಂದರು. ನಂದಕುಮಾರ್ ಜಗ್ಗಿದರು, ನಾನು ಬಿಟ್ಟೆ. ಸೀರೆ ಹೋಗಿ ತುಳಸಿ ಕುಂಡದ ಮೇಲೆ ಬಿತ್ತು.

"ಹಿಡ್ಕೋ ಅಂದ್ರೆ ಬಿಡ್ತೀಯಲ್ಲೇ!"

"ನೀವು ಎಳೆದ್ರಿ, ಅದಕ್ಕೇ ಬಿಟ್ಟೆ."

"ನಾನು ಎಳೆದ್ರೆ ನೀನೂ ಸ್ವಲ್ಪ ಹಿಡಿದು ನಿಲ್ಬೇಕು ಕಣೇ. ನೀನು ಯಾವಾಗ್ಲೂ ಹಿಂಗೇ. ಬಸ್ಸಲ್ಲಿ ಕಿಟಕಿ ಸೀಟು ಬೇಕು ಅಂತ ಮನಸ್ಸಲ್ಲೇ ಇರುತ್ತೆ, ಯಾರಾದ್ರೂ ನೋಡಿದ್ರೆ ಸಾಕು, ‘ಕೂತ್ಕೊಳ್ಳಿ ಪರವಾಗಿಲ್ಲ’ ಅಂತ ಎದ್ದುಬಿಡ್ತೀಯ. ಆಮೇಲೆ ನನ್ನ ಹತ್ರ ಗೊಣಗ್ತೀಯ."

ನೋಡಿ, ಕುದುರೆ ಕಲಿಯಲು ಹೋಗಿ ಎಂಥೆಂಥ ಮಾತು ಕೇಳಬೇಕಾಯಿತು! ಸೀರೆ ಮತ್ತೆ ಒಗೆಯಬೇಕಾಯಿತು ಅನ್ನುವುದಷ್ಟೇ ನನ್ನ ಕೈಗೆ ತಿಳಿದದ್ದು.

ಇನ್ನೊಂದು ವಿಷಯ. ಜಿಲೇಬಿ ಕೆಲವು ದಿನಗಳಿಂದ ಟ್ರಾಟಿನ ಕುಲುಕು ಓಟದಲ್ಲಿ ತಲೆ ಕೊಡವುತ್ತಾಳೆ, ಬಾಯಿ ತೆರೆಯುತ್ತಾಳೆ. ಹಲ್ಲಿನದೇ ತೊಂದರೆ ಎಂದು ನನಗೆ ಖಾತ್ರಿಯಾಯಿತು. ಕ್ಲಿನಿಕ್ಕಿನಿಂದ ತಲೆಗೆ ಕಟ್ಟುವ ದೀಪವನ್ನೂ ಬಾಯಿಗೆ ಹಿಡಿಯುವ ಪುಟ್ಟ ಕನ್ನಡಿಯನ್ನೂ ಒಯ್ದೆ. ಸರ್ದಾರ್ ಬೇಡ ಬೇಡ ಎಂದ. ಅವಳು ಮೊದಲು ದೀಪ ನೆಕ್ಕಿದಳು, ಆಮೇಲೆ ಕನ್ನಡಿಯನ್ನು ಕಚ್ಚಿ ಬಗ್ಗಿಸಿದಳು. ಬ್ಯಾಟರಾಯಪ್ಪನವರು ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ಕೊನೆಗೆ ಕುದುರೆ ಡಾಕ್ಟರನ್ನೇ ಕರೆಸಿ ತೋರಿಸಿದೆವು. ಹಲ್ಲು ಮುತ್ತಿನಂತಿವೆ ಎಂದರು. ಹಾಗಿದ್ದರೆ ತಲೆ ಯಾಕೆ ಕೊಡವುತ್ತಾಳೆ? ಪಾಪ, ಎಲ್ಲೋ ನೋವಿರಬೇಕು. ಲಗಾಮನ್ನು ಇನ್ನೂ ಸ್ವಲ್ಪ ಸಡಿಲ ಬಿಟ್ಟಿದ್ದೇನೆ.

ರಾಧಾಮಣಿ


ಕೋಟಗಿರಿ
20 ಡಿಸೆಂಬರ್ 2024

ಡಾಕ್ಟ್ರೇ,

ನಕ್ಕೋ, ನಕ್ಕೋ! ನಗಬೇಡಿ, ನಮ್ಮ ದಖ್ಖನಿಯಲ್ಲಿ ಹಾಗೆಂದರೆ ಬೇಡ ಅಂತ. ಇನ್ನೂ ಸಡಿಲ ಬಿಡುವುದು ಬೇಡವೇ ಬೇಡ.

ನೋವು ಕೊಡುತ್ತಿರುವುದು ನೀವೇ. ಕೋಪ ಮಾಡಿಕೊಳ್ಳಬೇಡಿ, ಪೂರ್ತಿ ಓದಿ. ಸಡಿಲ ಬಿಟ್ಟ ಲಗಾಮು ಸಡಿಲವಾಗೇ ಇರುವುದಿಲ್ಲ. ಜಿಲೇಬಿ ಹೆಜ್ಜೆ ಇಟ್ಟಾಗ ತೂಗುತ್ತದೆ, ಇದ್ದಕ್ಕಿದ್ದಂತೆ ಬಿಗಿಯಾಗುತ್ತದೆ. ಆಗ ಕಡಿವಾಣ ಬಾಯಿಗೆ ಟಕ್ ಅಂತ ಬಡಿಯುತ್ತದೆ. ಮತ್ತೆ ಸಡಿಲ, ಮತ್ತೆ ಟಕ್. ಯಾವಾಗ ಬಡಿಯುತ್ತದೋ ಗೊತ್ತಿಲ್ಲದೆ ಅವಳು ತಲೆ ಕೊಡವುತ್ತಾಳೆ. ನೀವು ಅಯ್ಯೋ ಪಾಪ ಅಂತ ಇನ್ನಷ್ಟು ಬಿಡುತ್ತೀರಿ, ಅದು ಇನ್ನಷ್ಟು ಜೋರಾಗಿ ಬಡಿಯುತ್ತದೆ. ಸದಾ ಒಂದೇ ಸಮನೆ ಹಗುರವಾಗಿ ಹಿಡಿದ ಕೈಯನ್ನು ಕುದುರೆ ನಂಬುತ್ತದೆ. ಬಂದು ಹೋಗುವ ಕೈಯನ್ನು ನಂಬುವುದಿಲ್ಲ.

ನೀವು ಹಿಡಿಯುವ ರೀತಿ ನನಗೆ ಇಲ್ಲಿಂದಲೇ ಗೊತ್ತು. ಬೆರಳು ಬಿಚ್ಚಿರುತ್ತೀರಿ, ಮೊಣಕೈ ಮಾತ್ರ ಮರದ ಹಾಗೆ ಸೆಟೆದಿರುತ್ತದೆ. ತಿರುವುಮುರುವು ಮಾಡಿ. ಬೆರಳು ಮುಚ್ಚಿ, ಮೊಣಕೈ ಬಿಡಿ. ಅವಳ ಕುತ್ತಿಗೆ ಮುಂದೆ ಹೋದರೆ ನಿಮ್ಮ ಮೊಣಕೈ ಬಿಚ್ಚಿಕೊಂಡು ಜೊತೆಗೆ ಹೋಗಲಿ, ಬೆರಳು ಬಿಚ್ಚಬಾರದು. ಇಷ್ಟನ್ನು ಬರೆದು ಕನ್ನಡಿಯ ಮೇಲೆ ಅಂಟಿಸಿಕೊಳ್ಳಿ.

ಒಂದು ಕೇಳಲಾ? ಜಿಲೇಬಿ ನಿಮಗೆ ಭಾರ ಆಗುತ್ತಿದ್ದಾಳಾ? ಮುಚ್ಚುಮರೆ ಮಾಡದೆ ಬರೀರಿ. ಇಲ್ಲಿ ಏನೋ ಮಾತು ನಡೆಯುತ್ತಿದೆ, ಗಟ್ಟಿಯಾದ ಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಮನಸ್ಸು ತಿಳಿಯಬೇಕಿತ್ತು.

ನಿಶಾತ್


ವಿದ್ಯಾರಣ್ಯಪುರ
14 ಜನವರಿ 2025

ನಿಶಾತ್ ಅವರಿಗೆ,

ಸಂಕ್ರಾಂತಿಯ ಶುಭಾಶಯಗಳು. ಎಳ್ಳುಬೆಲ್ಲ ಕಳಿಸಿದ್ದೇನೆ. ಕೊಬ್ಬರಿ ಹೆಚ್ಚಿದ್ದು ನಂದಕುಮಾರ್, ಸಣ್ಣದಾಗಿಲ್ಲದಿದ್ದರೆ ಅವರನ್ನೇ ಬೈಯಿರಿ. ಜಿಲೇಬಿ ಕಬ್ಬು ತಿಂದಳು. ಬಾಯಿಗಂಟಿದ ಸಿಪ್ಪೆಯನ್ನು ಬ್ಯಾಟರಾಯಪ್ಪನವರ ಹೆಗಲ ಮೇಲಿನ ಟವೆಲಿಗೆ ಒರೆಸಿದಳು.

ಉತ್ತರ ತಡವಾಯಿತು. ಕ್ಲಿನಿಕ್ಕಿನಲ್ಲಿ ಕೆಲಸ ಹೆಚ್ಚು. ನೀವು ಹೇಳಿದಂತೆ ಬೆರಳು ಮುಚ್ಚಲು ಪ್ರಯತ್ನ ಮಾಡುತ್ತಿದ್ದೇನೆ.

ಭಾರ ಎಂಬ ಮಾತು ಯಾಕೆ ಬಂತೋ ತಿಳಿಯಲಿಲ್ಲ. ನನ್ನಿಂದ ಕುದುರೆಗೆ ತೊಂದರೆಯಾಗುತ್ತಿದೆ ಎಂದು ನಿಮಗನಿಸಿದ್ದರೆ ಅದು ಸರಿಯೇ ಇರಬೇಕು. ನಿಮ್ಮ ಕುದುರೆ, ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ. ನನ್ನದೇನೂ ಇಲ್ಲ. ಇಲ್ಲಿ ಎಲ್ಲ ಚೆನ್ನಾಗಿದೆ.

ರಾಧಾಮಣಿ


ಕೋಟಗಿರಿ
27 ಜನವರಿ 2025

ಡಾಕ್ಟ್ರೇ,

ಎಳ್ಳುಬೆಲ್ಲ ಬಂತು. ಮಕ್ಕಳು ಡಬ್ಬ ನೆಕ್ಕಿಟ್ಟರು, ಕೊಬ್ಬರಿಯ ಬಗ್ಗೆ ಯಾರೂ ದೂರಲಿಲ್ಲ. "ನಿಶಾತ್ ಅವರಿಗೆ" ಅಂತ ಶುರುಮಾಡಿದ್ದೀರಿ. ಬ್ಯಾಂಕಿನಿಂದ ಬಂದ ಕಾಗದವೇನೋ ಅಂದುಕೊಂಡೆ.

ಆ ಮಾತು ಗಟ್ಟಿಯಾಯಿತು. ಶಾಲೆಯವರು ಇಲ್ಲೇ ಕಾಯಂ ಆಗಿ ಇರಿ ಅಂದರು, ಒಪ್ಪಿಕೊಂಡೆ. ಮೊದಲ ಸಲ ನನಗೆ ಈ ಕೆಲಸವೊಂದಿದ್ದರೆ ಸಾಕು, ಇಲ್ಲೇ ಇರೋಣ ಅನ್ನಿಸಿದೆ. ಅಮ್ಮಿಗೂ ಖುಷಿ. ಒಂದೇ ತಾಪತ್ರಯ, ಇಲ್ಲಿ ಹೊರಗಿನ ಕುದುರೆಗೆ ಜಾಗವಿಲ್ಲ. ಪುಣೆಯ ಕಡೆ ಒಬ್ಬರು ಜಿಲೇಬಿಯನ್ನು ಕೊಡುತ್ತೀರಾ ಎಂದು ಕೇಳುತ್ತಿದ್ದಾರೆ. ಒಳ್ಳೆಯ ಜನ, ಒಳ್ಳೆಯ ಲಾಯ. ಮಾರ್ಚ್ ಹದಿನಾರಕ್ಕೆ ಯಲಹಂಕಕ್ಕೆ ಬಂದು ನೋಡುತ್ತಾರಂತೆ. ನೋಡಿದರೆ ಬಿಡುವುದಿಲ್ಲ, ಕರೆದುಕೊಂಡೇ ಹೋಗುತ್ತಾರೆ.

ನೀವೇನಂತೀರಿ? ಸುಮ್ಮನೆ ಕೇಳುತ್ತಿಲ್ಲ. ಬರೀರಿ.

ಮತ್ತೆ, ಮರೆಯಬೇಡಿ. ಫೆಬ್ರವರಿಯಲ್ಲಿ ಯಲಹಂಕದ ವಿಮಾನ ಪ್ರದರ್ಶನ ಇದೆ. ಅದಕ್ಕೂ ಮೊದಲೇ ಅಭ್ಯಾಸ ಶುರುವಾಗುತ್ತದೆ. ಆ ದಿನಗಳಲ್ಲಿ ಹತ್ತಬೇಡಿ. ಜಿಲೇಬಿ ರೇಸಿನಲ್ಲಿ ಓಡಿದವಳು. ಎರಡೂ ಲಗಾಮು ಜಗ್ಗಿ ಹಿಡಿದರೆ ಅವಳ ಲೆಕ್ಕದಲ್ಲಿ ನಿಲ್ಲು ಅಂತಲ್ಲ, ಓಡು ಅಂತ.

ನಿಶಾತ್


ವಿದ್ಯಾರಣ್ಯಪುರ
10 ಫೆಬ್ರವರಿ 2025

ನಿಶಾತ್ ಅವರಿಗೆ,

ಕೆಲಸ ಕಾಯಂ ಆದದ್ದು ತಿಳಿದು ಸಂತೋಷವಾಯಿತು. ಹೃತ್ಪೂರ್ವಕ ಅಭಿನಂದನೆಗಳು. ಪುಣೆಯವರು ಒಳ್ಳೆಯವರೆಂದರೆ ಒಳ್ಳೆಯದೇ. ಹದಿನಾರಕ್ಕೆ ಜಿಲೇಬಿಯನ್ನು ತೊಳೆದು ತಯಾರಾಗಿಡಲು ಸರ್ದಾರ್‌ಗೆ ಹೇಳುತ್ತೇನೆ.

ಅಕ್ಷರ ಸ್ವಲ್ಪ ಸೊಟ್ಟಗಿದ್ದರೆ ಪೆನ್ನಿನ ದೋಷ. ಹವೆ ಚೆನ್ನಾಗಿದೆ. ವಿಮಾನಗಳು ಚೆನ್ನಾಗಿ ಹಾರುತ್ತಿವೆ. ಎಲ್ಲ ಚೆನ್ನಾಗಿದೆ.

ರಾಧಾಮಣಿ


ಕೋಟಗಿರಿ
19 ಫೆಬ್ರವರಿ 2025

ಡಾಕ್ಟ್ರೇ!

ಪೆನ್ನಿನ ದೋಷವಂತೆ, ಪೆನ್ನಿನ ದೋಷ! ನೀರಿನ ಟ್ಯಾಂಕಿನ ಹತ್ತಿರ ಮಾತ್ರ ಇಲ್ಲಿ ಸಿಗ್ನಲ್ ಸಿಗುತ್ತದೆ. ಅಲ್ಲಿ ನಿಂತು ಬೇರೇನೋ ವಿಷಯಕ್ಕೆ ಸರ್ದಾರ್‌ಗೆ ಫೋನ್ ಮಾಡಿದೆ. "ಮೇಡಂ, ಡಾಕ್ಟ್ರಮ್ಮನ ಕೈ ಈಗ ಪರವಾಗಿಲ್ಲ, ಬಟ್ಟೆ ಮಾತ್ರ ಹಾಳಾಯ್ತು" ಅಂದ. ಯಾವ ಕೈ, ಯಾವ ಬಟ್ಟೆ ಅಂತ ಕೇಳಿದ ಮೇಲೆ ಪೂರ್ತಿ ಕಥೆ ಬಂತು. ವಿಮಾನದ ಅಭ್ಯಾಸದ ದಿನ ಹತ್ತಿದ್ದೀರಿ. ಜಿಲೇಬಿ ಬೆದರಿ ಓಡಿದ್ದಾಳೆ. ನೀವು ಬ್ಯಾಟರಾಯಪ್ಪನವರ ತಿಪ್ಪೆಯೊಳಗೆ ಬಿದ್ದಿದ್ದೀರಿ. ಬಲಗೈ ಉಳುಕಿ ಕ್ಲಿನಿಕ್ಕಿಗೆ ಬೀಗ ಹಾಕಿದ್ದೀರಿ. ಎಡಗೈಯಲ್ಲಿ ಪೆನ್ನು ಹಿಡಿದು ನನಗೆ "ಎಲ್ಲ ಚೆನ್ನಾಗಿದೆ" ಅಂತ ಬರೆದಿದ್ದೀರಿ.

ಯಾ ಅಲ್ಲಾ, ನಿಮ್ಮನ್ನೇನು ಮಾಡಲಿ? ತಲೆಗೆ ಪೆಟ್ಟಾಗಿದ್ದರೆ? ತಿಪ್ಪೆ ಅಲ್ಲಿದ್ದದ್ದು ಪುಣ್ಯ. ಬ್ಯಾಟರಾಯಪ್ಪನವರಿಗೆ ನನ್ನ ಸಲಾಂ ಹೇಳಿ.

ಬೈಗುಳ ಮುಗಿಯಿತು. ಈಗ ಮೇಷ್ಟ್ರಾಗಿ ಕೇಳುತ್ತೇನೆ. ಅವಳು ಬೆದರಿದಾಗ ನಿಮ್ಮ ಕೈ ಏನು ಮಾಡಿತು? ಯಾಕೆ ಹತ್ತಿದಿರಿ? ನಿಜ ಬರೀರಿ. ನಾನು ಇಷ್ಟು ದೂರದಲ್ಲಿ ಕೂತು, ನೀವು ಬರೆಯದೇ ಬಿಟ್ಟಿದ್ದನ್ನು ಊಹೆ ಮಾಡಿಕೊಳ್ಳಲು ಆಗುವುದಿಲ್ಲ ಡಾಕ್ಟ್ರೇ. ಹದಿನಾರು ಹತ್ತಿರ ಬರುತ್ತಿದೆ. ನಿಮ್ಮದೇನಾದರೂ ಮಾತಿದ್ದರೆ ಇದೇ ಸಮಯ.

ನಿಶಾತ್


ವಿದ್ಯಾರಣ್ಯಪುರ
2 ಮಾರ್ಚ್ 2025

ನಿಶಾತ್ ಮೇಷ್ಟ್ರೇ,

ಇದು ಬಲಗೈ. ಗಮನಿಸಿ, ಅಕ್ಷರ ಈಗ ಮೊದಲಿನಷ್ಟೇ ಕೆಟ್ಟದಾಗಿದೆ.

ಬಿದ್ದದ್ದನ್ನು ಹೇಳುತ್ತೇನೆ. ಆಗಲೇ ಬೇಲಿಯ ಆಚೆ ವಿಮಾನಗಳ ಸದ್ದು ಕೇಳುತ್ತಿತ್ತು. ನೀವು ಬೇಡ ಎಂದದ್ದು ನೆನಪಿತ್ತು. ಆದರೂ ಹತ್ತಿದೆ. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಎಂದಿನಂತೆ ಲಗಾಮು ಸಡಿಲವಾಗಿತ್ತು. ತಲೆಯ ಮೇಲೇ ಆಕಾಶ ಸೀಳಿಕೊಂಡು ಹೋದ ಹಾಗೆ ಒಂದು ವಿಮಾನ ಹೋಯಿತು. ಜಿಲೇಬಿ ಹಾರಿದಳು. ಅಲ್ಲಿಯವರೆಗೆ ಬಾಯಿಗೆ ನೋವಾಗಬಾರದು ಎಂದು ಉಪದೇಶ ಮಾಡುತ್ತಿದ್ದ ಈ ಮಹಾತಾಯಿ ಎರಡೂ ಲಗಾಮು ಬಾಚಿ ಹಿಡಿದು ನೇತುಬಿದ್ದಳು. ಜಿಲೇಬಿ ರೇಸು ಎಂದುಕೊಂಡಳು. ಗೆದ್ದಳು ಕೂಡ, ನಾನು ತಿಪ್ಪೆಯಲ್ಲಿದ್ದೆ. ಬ್ಯಾಟರಾಯಪ್ಪನವರು ಕುರ್ಚಿಯಿಂದೆದ್ದು, "ಇಂಗ್ಯಾಕವ್ವಾ ಓಗಿ ಗೊಬ್ರುದಾಗ್ ಬಿದ್ರಿ?" ಎಂದು ಗಾಬರಿಯಾಗಿ ಓಡಿಬಂದರು. ನನ್ನನ್ನು ಎಬ್ಬಿಸುವಾಗ ಅವರಿಗೂ ನಗು ತಡೆಯಲಾಗಲಿಲ್ಲ, ನನಗೂ.

ಈಗ ನಿಜವಾದ ಸುದ್ದಿ. ಕೈ ಸರಿಯಾಗಿ ಕ್ಲಿನಿಕ್ಕು ತೆರೆದಾಗ ಮೊದಲು ಬಂದವರು ಬ್ಯಾಟರಾಯಪ್ಪನವರೇ. ಹುಳುಕು ಹಲ್ಲು ಕೊನೆಗೂ ಕೈಕೊಟ್ಟಿತ್ತು. ಬಾಯಿ ಅಗಲಿಸಿ ಡ್ರಿಲ್ ಇಟ್ಟೆ. ಆ ಮನುಷ್ಯ ಬಾಯಲ್ಲಿ ಯಂತ್ರವಿದ್ದರೂ ಮಾತು ನಿಲ್ಲಿಸುವವರೇ? ರಾಗಿ ಹೊಲದ ಕಥೆ ಹೇಳುತ್ತಾ ಬಲಕ್ಕೆ ತಿರುಗಿದರು, ಎಡಕ್ಕೆ ತಿರುಗಿದರು, ಸೀನಿದರು. ಡ್ರಿಲ್ ಒಂದು ಕೂದಲೆಳೆ ಕದಲಲಿಲ್ಲ. ನಾನು ನನ್ನ ಕೈ ನೋಡಿಕೊಂಡೆ. ನನ್ನ ಉಂಗುರ ಬೆರಳು ಅವರ ಪಕ್ಕದ ಹಲ್ಲಿನ ಮೇಲೆ ಕೂತಿತ್ತು. ಒತ್ತುತ್ತಿರಲಿಲ್ಲ, ಎದ್ದೂ ಇರಲಿಲ್ಲ. ಅವರು ತಿರುಗಿದರೆ ಇಡೀ ಕೈ ಮೊಣಕೈ ಸಮೇತ ಜೊತೆಗೆ ತಿರುಗುತ್ತಿತ್ತು.

ಕಾಲೇಜಿನ ಮೊದಲ ವರ್ಷ ನಮಗೆ ಹೇಳಿಕೊಟ್ಟದ್ದು ಇದೇ. ಬೆರಳು ಎಲ್ಲಾದರೂ ಊರದೆ ಬಾಯಲ್ಲಿ ಕೆಲಸ ಮಾಡಬಾರದು, ಕೈಯನ್ನು ಗಾಳಿಯಲ್ಲಿಟ್ಟವರು ತುಟಿ ಹರಿಯುತ್ತಾರೆ ಎಂದು. ದಿನವೂ ಮಾಡುವ ಕೆಲಸ, ಜ್ಞಾಪಕವೇ ಬರುವುದಿಲ್ಲ. ಇದನ್ನು ಬಿಟ್ಟು ಮೂರು ತಿಂಗಳು ಕುದುರೆಯ ಬಾಯಲ್ಲಿ ಗಾಳಿಕೈ ಆಡಿಸಿದ್ದೇನೆ! "ಇದೇ! ಇದೇ ಕಣ್ರೀ!" ಎಂದು ಕೂಗಿಬಿಟ್ಟೆ. ಬ್ಯಾಟರಾಯಪ್ಪನವರು ತಮ್ಮ ಹಲ್ಲಿಗೆ ಏನೋ ಆಯಿತೆಂದು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಸಮಾಧಾನ ಮಾಡುವಷ್ಟರಲ್ಲಿ ಸಾಕಾಯಿತು.

ಕೈ ಅಲುಗಬಾರದು ಎಂದು ನೀವು ಹೇಳಿದಾಗಲೆಲ್ಲ ನಾನು ಗಾಳಿಯಲ್ಲಿ ಸೆಟೆದು ನಿಲ್ಲಿಸುತ್ತಿದ್ದೆ. ಅಲುಗಬಾರದು ಎಂದರೆ ಜಿಲೇಬಿಯ ಬಾಯಿಯನ್ನು ಬಿಟ್ಟು ಅಲುಗಬಾರದು ಎಂದು. ಅವಳು ಹೋದಲ್ಲಿಗೆ ಹೋಗಬೇಕು ಎಂದು. ಸರಿಯಾ?

ನಿನ್ನೆ ಹತ್ತಿದೆ. ಬೆರಳು ಮುಚ್ಚಿದೆ, ಮೊಣಕೈ ಬಿಟ್ಟೆ. ಕಾಲಿನಿಂದ ಮುಂದೆ ಹೋಗು ಎಂದೆ. ಮೊದಲು ಅವಳು ತಲೆ ಕೊಡವಿದಳು, ಟಕ್ ಎಂದು ಬಡಿಯುವುದನ್ನು ಕಾಯುತ್ತಿದ್ದಳು. ಬಡಿಯಲಿಲ್ಲ. ಒಂದು ಸುತ್ತು ಹಾಗೇ ಹೋಯಿತು. ಆಮೇಲೆ ಅವಳೇ ಕುತ್ತಿಗೆ ಚಾಚಿ ಕಡಿವಾಣವನ್ನು ಹುಡುಕಿಕೊಂಡು ಬಂದಳು. ನಿಶಾತ್, ಆ ತುದಿಯಲ್ಲಿ ಯಾರೋ ಸೀರೆ ಹಿಡಿದರು! ಬಿಸಿ ಇತ್ತು, ಜೀವ ಇತ್ತು. ಅವಳು ನಾಲಿಗೆ ಆಡಿಸಿದ್ದು ನನ್ನ ಬೆರಳಿಗೆ ತಿಳಿಯಿತು. ಅಷ್ಟರಲ್ಲಿ ಎಲ್ಲೋ ದೂರ ವಿಮಾನದ ಸದ್ದಾಯಿತು. ಕಿವಿ ನಿಮಿರಿತು, ಲಗಾಮಿನಲ್ಲಿ ಸಣ್ಣಗೆ ನಡುಕ ಬಂತು. "ಇದೀಯಾ?" ಎಂದು ಕೇಳಿದ ಹಾಗಿತ್ತು. ನಾನು ಜಗ್ಗಲಿಲ್ಲ, ಬಿಡಲಿಲ್ಲ. ಇದೀನಿ ಕಣೇ ಎಂದು ಹಾಗೇ ಹಿಡಿದಿದ್ದೆ. ಅವಳು ಉಸಿರು ಬಿಟ್ಟು ನಡೆದಳು. ಬೇಲಿಯ ಹತ್ತಿರ ಬಂದಾಗ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸರ್ದಾರ್ ಗಾಬರಿಯಾಗಿ, "ಮತ್ತೆ ಕೈ ನೋವಾ ಅಮ್ಮಾ?" ಎಂದ.

ಇನ್ನು ಉಳಿದ ಮಾತು. ಯಾಕೆ ಹತ್ತಿದೆ ಎಂದು ಕೇಳಿದ್ದೀರಿ. ಪುಣೆಯ ವಿಷಯ ಓದಿದ್ದೆ. ಅವಳ ಜೊತೆ ಉಳಿದಿರುವುದೇ ಕೆಲವು ದಿನ, ಅದರಲ್ಲಿ ಒಂದನ್ನೂ ವಿಮಾನಕ್ಕೆ ಕೊಡಲು ಮನಸ್ಸಾಗಲಿಲ್ಲ. ಭಾರವಾ ಎಂದು ನೀವು ಕೇಳಿದಾಗ, ಇವಳ ಕೈಯಲ್ಲಿ ನನ್ನ ಕುದುರೆ ಕೆಡುತ್ತಿದೆ, ಸೂಕ್ಷ್ಮವಾಗಿ ಹೇಳುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಪುಣೆಯ ಕಾಗದ ಬಂದಾಗ ಲಾಯಕ್ಕೆ ಹೋಗಿ ಅವಳ ಕುತ್ತಿಗೆಗೆ ಹಣೆಯಿಟ್ಟು ಅತ್ತೆ. ಮನೆಗೆ ಬಂದು ನಿಮಗೆ ಹೃತ್ಪೂರ್ವಕ ಅಭಿನಂದನೆ ಬರೆದೆ. ಕಿಟಕಿ ಸೀಟು ಬಿಟ್ಟುಕೊಟ್ಟ ಹಾಗೆ.

ಏ ನಿಶಾತ್, ಅವಳನ್ನು ಮಾರಬೇಡ ಕಣೇ. ನನಗೆ ಕೊಡು. ನನಗೆ ಅವಳು ಬೇಕು. ನಿನಗೆ ಆಗುವುದಿಲ್ಲ ಎಂದರೂ ಪರವಾಗಿಲ್ಲ, ಕೇಳಿದೆ ಎಂದಾದರೂ ಇರಲಿ.

ಇಲ್ಲ, ಅದು ಸುಳ್ಳು. ಆಗುವುದಿಲ್ಲ ಅನ್ನಬೇಡ.

ರಾಧಾಮಣಿ

ಹೊತ್ತಾಗುವುದು ಬೇಡ ಎಂದು ನಾಳೆ ಬೆಳಿಗ್ಗೆಯೇ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ನಂದಕುಮಾರ್ ಈಗಲೇ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾರೆ, ನನಗಿಂತ ಅವರಿಗೇ ಅವಸರ.


ಕೋಟಗಿರಿ
9 ಮಾರ್ಚ್ 2025

ಡಾಕ್ಟ್ರೇ,

ಅಂತೂ!

ನಿಮ್ಮ ಕಾಗದ ಬಂದಾಗ ನಾನು ಮೈದಾನದ ನಡುವೆ ಮಕ್ಕಳ ಸಾಲು ನಡೆಸುತ್ತಿದ್ದೆ. ತೆರೆದು ಅಲ್ಲೇ ಓದಿದೆ. ತಿಪ್ಪೆಯ ಜಾಗಕ್ಕೆ ನಕ್ಕೆ, ಬ್ಯಾಟರಾಯಪ್ಪನವರ ಹಲ್ಲಿಗೆ ಇನ್ನೂ ನಕ್ಕೆ, ಕೊನೆಯ ಪುಟಕ್ಕೆ ಬಂದಾಗ ಬೆನ್ನು ತಿರುಗಿಸಿ ನಿಂತುಕೊಂಡೆ. ಮೇಷ್ಟ್ರು ಅಳುವುದನ್ನು ನೋಡಿದರೆ ಮಕ್ಕಳು ಮಾತು ಕೇಳುವುದಿಲ್ಲ. ರಂಜಾನಿನ ರೋಜಾ ಹಿಡಿದು ಬಾಯಿ ಒಣಗಿತ್ತು, ಕಣ್ಣಿಗೆ ಮಾತ್ರ ಎಲ್ಲಿಂದ ನೀರು ಬಂತೋ.

ಸರಿಯಾ ಅಂತ ಕೇಳಿದ್ದೀರಿ. ಸರಿ. ಪೂರ್ತಿ ಸರಿ. ನಿಮ್ಮ ಕೈಗೆ ತಿಳಿದದ್ದಕ್ಕೆ ನಾನು ಒಂದಕ್ಷರ ಸೇರಿಸುವುದಿಲ್ಲ.

ಈಗ ನನ್ನದೂ ಕೇಳಿ. ಡಿಸೆಂಬರಿನಲ್ಲಿ ಭಾರವಾ ಅಂತ ಕೇಳಿದ್ದು, ಜಿಲೇಬಿಯನ್ನು ನೀವೇ ಇಟ್ಟುಕೊಳ್ಳುತ್ತೀರಾ ಅನ್ನುವುದನ್ನು ತಿಳಿಯುವುದಕ್ಕೆ. ಜನವರಿಯಲ್ಲಿ ನೀವೇನಂತೀರಿ ಅಂತ ಕೇಳಿದ್ದೂ ಅದಕ್ಕೇ. ಬಾಯಿಬಿಟ್ಟು "ಇಟ್ಕೊಳ್ಳಿ" ಅನ್ನಬಹುದಿತ್ತು. ಅಂದಿದ್ದರೆ ನಿಮಗೆ ಬೇಡವಾಗಿದ್ದರೂ ನೀವು "ಎಲ್ಲ ಚೆನ್ನಾಗಿದೆ, ಸರಿ" ಅಂದುಬಿಡುತ್ತಿದ್ದಿರಿ. ಯಾರಿಗೂ ಇಲ್ಲ ಅನ್ನಲು ಬಾರದವರ ಕೈಗೆ ಒಂದು ಜೀವ ಕೊಟ್ಟು ಹೋಗುವುದು ಹೇಗೆ? ನಿಮಗೆ ಬೇಕು ಅಂತ ನಿಮ್ಮ ಬಾಯಲ್ಲೇ ಬರಬೇಕಿತ್ತು. ಈ ತುದಿಯಲ್ಲಿ ಹಿಡಿದು ಕಾಯುತ್ತಾ ಕೂತೆ. "ನನ್ನದೇನೂ ಇಲ್ಲ" ಅಂತ ಬಂದ ದಿನ, ಆ ತುದಿಯಲ್ಲಿ ಯಾರೂ ಇಲ್ಲವೇನೋ ಅಂದುಕೊಂಡೆ. ನನಗೂ ಸಿಟ್ಟು ಬಂತು, ಪುಣೆಯವರಿಗೆ ತಾರೀಖು ಕೊಟ್ಟೆ. ನನ್ನ ಕುದುರೆಯನ್ನು ಯಾರೋ ಕರೆದುಕೊಂಡು ಹೋಗುತ್ತಾರೆ ಅಂತ ಒಂದು ದಿನವೂ ನೆಮ್ಮದಿಯಿಂದ ಇದ್ದವಳಲ್ಲ ನಾನು.

ಅವರಿಗೆ ಆ ಟ್ಯಾಂಕಿನ ಹತ್ತಿರ ನಿಂತು ಫೋನ್ ಮಾಡಿ ಆಗಿದೆ. ಬರಬೇಡಿ ಅಂದೆ. "ಯಾಕೆ, ಬೇರೆಯವರು ಕೇಳಿದ್ರಾ?" ಅಂದರು. "ಹೌದು, ಬಹಳ ತಡವಾಗಿ ಕೇಳಿದ್ರು, ಆದ್ರೆ ಕೇಳಿದ್ರು" ಅಂದೆ.

ಜಿಲೇಬಿ ನಿಮ್ಮವಳು. ನಿಮ್ಮ ಜವಾಬ್ದಾರಿ ಅಲ್ಲ, ನಿಮ್ಮವಳು. ಸರ್ದಾರ್‌ಗೆ ಹೇಳಿದೆ, "ನಮಗೆ ಆವಾಗ್ಲೇ ಗೊತ್ತಿತ್ತು ಮೇಡಂ, ನಿಮ್ಮಿಬ್ಬರಿಗೇ ಗೊತ್ತಿರ್ಲಿಲ್ಲ" ಅಂದ. ಪತ್ರ ಮಾತ್ರ ನಿಲ್ಲಿಸಬೇಡಿ. ಅವಳ ಸುದ್ದಿ, ಬ್ಯಾಟರಾಯಪ್ಪನವರ ಕಾಮೆಂಟರಿ, ನಂದಕುಮಾರ್ ಸರ್ ಏನಂದರು, ಎಲ್ಲ ಬೇಕು ನನಗೆ. "ಎಲ್ಲ ಚೆನ್ನಾಗಿದೆ" ಅನ್ನುವ ವಾಕ್ಯ ಕಂಡರೆ ಕಾಗದ ವಾಪಸ್ಸು ಕಳಿಸುತ್ತೇನೆ.

ಮತ್ತೆ, ಕೊನೆಗೆ "ನೀನು" ಅಂದುಬಿಟ್ಟಿದ್ದೀರಿ. ಗೊತ್ತಾಗಿ ಬರೆದಿರೋ, ಗೊತ್ತಿಲ್ಲದೆಯೋ. ತಿದ್ದಬೇಡಿ, ಹಾಗೇ ಇರಲಿ.

ಹಬ್ಬಕ್ಕೆ ಬರುತ್ತೇನೆ. ನಿಮ್ಮ ಯುಗಾದಿ ಭಾನುವಾರ, ಚಂದ್ರ ಕಂಡರೆ ನಮ್ಮ ಈದ್ ಸೋಮವಾರ. ಒಬ್ಬಟ್ಟು ಎತ್ತಿಡಿ, ಅಮ್ಮಿ ಮಾಡಿದ ಶೀರ್ ಖುರ್ಮಾ ನಾನು ತರುತ್ತೇನೆ. ಸವಾರಿಯ ಬೂಟು ತರುವುದಿಲ್ಲ, ಜಿಲೇಬಿಯ ಮೇಲೆ ನೀವೇ ಕೂರಬೇಕು. ಆದರೆ ಅದಕ್ಕೂ ಮೊದಲು ಒಂದು ಪರೀಕ್ಷೆ. ತುಳಸಿ ಕುಂಡದ ಮೇಲೆ ಬಿದ್ದಿತ್ತಲ್ಲ, ಆ ಸೀರೆ ತೆಗೆದುಕೊಂಡು ನಿಮ್ಮ ಮಹಡಿಗೆ ಬನ್ನಿ. ಎದುರು ಮನೆಯವರು ಕಿಟಕಿಗೆ ಬಂದರೆ ಬರಲಿ. ಆ ತುದಿ ನಾನು ಹಿಡಿಯುತ್ತೇನೆ. ಚೆನ್ನಾಗಿ ಎಳೆಯುತ್ತೇನೆ, ಈಗಲೇ ಹೇಳಿದ್ದೇನೆ.

ಬಿಡಬೇಡಿ.

ನಿಶಾತ್